ಮಳೆಯ ಮರುದಿನ ದುರ್ಗದಲ್ಲಿ

ಚಿತ್ರದುರ್ಗದ ಫೋಟೊ ತೆಗೆಯುವ ಆಸೆ ಇದ್ದರೆ ಮಳೆ ಬಿದ್ದ ಮರುದಿನ ಬನ್ನಿ. ಬೇಸಿಗೆ ಮಧ್ಯಾಹ್ನ ಬಂದರೆ ಕಲ್ಲೆಲ್ಲಾ ಒಂದೇ ಬೂದು ಬಣ್ಣ. ನೆನೆದ ಬಂಡೆಯಲ್ಲಿ ಕೆಂಪು, ಕಂದು, ಕಪ್ಪು ಗೆರೆಗಳೆಲ್ಲ ಎದ್ದು ಕಾಣುತ್ತವೆ.

ಕಳೆದ ಆಗಸ್ಟ್‌ನಲ್ಲಿ ಬೆಳಿಗ್ಗೆ ಬೇಗ ಕೋಟೆ ಹತ್ತಿದೆ. ಬಂದವರೆಲ್ಲ ಮೊದಲು ಓಬವ್ವನ ಕಿಂಡಿಗೇ ಹೋಗುತ್ತಾರೆ, ಹೋಗಲೇಬೇಕು. ಆದರೆ ದಾರಿಯಲ್ಲಿ ಬಂಡೆಗಳನ್ನೂ ಸ್ವಲ್ಪ ನೋಡಿ. ಕಲ್ಲು ಸೀಳೋಕೆ ಸಾಲಾಗಿ ಕೊರೆದ ಗುಳಿಗಳು ಇನ್ನೂ ಹಾಗೇ ಇವೆ. ಅವತ್ತು ಒಂದೊಂದು ಗುಳಿಯಲ್ಲೂ ಅರ್ಧ ಬೊಗಸೆ ಮಳೆನೀರು ನಿಂತಿತ್ತು, ನೀರಲ್ಲಿ ಚೂರು ಚೂರು ಆಕಾಶ. ನಾನು ಬೋರಲು ಮಲಗಿ ಕ್ಯಾಮೆರಾವನ್ನು ಕಲ್ಲಿಗೇ ತಾಗಿಸಿಕೊಂಡು ತೆಗೆಯುತ್ತಿದ್ದಾಗ ಒಬ್ಬ ಅಜ್ಜ ಬಂದು ನಿಂತರು.

‘ಏನ್ ತಮ್ಮಾ, ಕೋಟೆ ಬಿಟ್ಟು ಕುಣಿ ತೆಗೀತಿದೀಯಲ್ಲ?’

ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಅಂದರು: ‘ನಮ್ಮಪ್ಪ ಕಲ್ಲು ಒಡೀತಿದ್ದ. ಹಿಂಗೇ ಸಾಲು ಹಾಕ್ತಿದ್ದ. ಒಂದು ಸೊಟ್ಟಗಾದ್ರೂ ಬಂಡೆನೇ ಹಾಳು.’ ಆಮೇಲೆ ಆ ಸಾಲನ್ನು ನಾನು ಬೇರೆ ಥರ ನೋಡಿದೆ, ಇನ್ನೂ ಹತ್ತು ಫೋಟೊ ತೆಗೆದೆ.

ಅಲ್ಲಿಂದ ನೀರಿನ ಹಿಂದೆಯೇ ಹೋದೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. 1779ರಲ್ಲಿ ಕೋಟೆ ಹೈದರಾಲಿಯ ಕೈ ಸೇರಿತು, ನಾಯಕರ ಆಳ್ವಿಕೆ ಮುಗಿಯಿತು, ಆದರೆ ಅವರು ನೀರಿಗೆ ಮಾಡಿಕೊಟ್ಟ ದಾರಿ ಹಾಗೇ ಉಳಿದಿದೆ. ದುರ್ಗದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ.

ಮರುದಿನ ಜೋಗಿಮಟ್ಟಿ. ಊರಿಂದ ಸುಮಾರು 10 ಕಿಲೋಮೀಟರ್, ಆಡುಮಲ್ಲೇಶ್ವರ ದಾಟಿ ಹತ್ತಬೇಕು. 2015ರಿಂದ ವನ್ಯಜೀವಿ ಧಾಮ, ಚಿರತೆ ಕರಡಿ ಎರಡೂ ಇರುವ ಕಾಡು, ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ. ಬಯಲುಸೀಮೆಯಲ್ಲಿ ಇಷ್ಟು ತಣ್ಣಗಿರುತ್ತಾ ಅನ್ನಿಸುವಷ್ಟು ಗಾಳಿ. ಮಂಜು ಎಷ್ಟಿತ್ತೆಂದರೆ ಪಕ್ಕದ ಗುಡ್ಡದ ಗಾಳಿಯಂತ್ರದ ರೆಕ್ಕೆ ಒಂದು ಸಲ ಕಂಡು ಮತ್ತೆ ಮಾಯ. ಹುಲ್ಲಿನ ನಡುವೆ ಜೇಡರ ಬಲೆ ಒಂದಿತ್ತು, ಎಳೆ ಎಳೆಗೂ ಹನಿ ಕಟ್ಟಿ ಬಲೆಯೇ ಜೋತುಬಿದ್ದಿತ್ತು. ಲೆನ್ಸ್ ಒರೆಸಿ ಒರೆಸಿ ನನ್ನ ಟವಲ್ ಕೂಡ ಒದ್ದೆ.

ಒಂಬತ್ತರ ಸುಮಾರಿಗೆ ಮಂಜು ಎರಡು ನಿಮಿಷ ಸರಿಯಿತು. ದೂರದಲ್ಲಿ ದುರ್ಗ! ಯಾವುದು ಗೋಡೆ, ಯಾವುದು ಬಂಡೆ, ಅಲ್ಲಿಂದ ಗೊತ್ತೇ ಆಗಲಿಲ್ಲ. ಆ ಒಂದು ಫೋಟೊವನ್ನು ಪ್ರಿಂಟ್ ಹಾಕಿಸಿದ್ದೇನೆ. ಇನ್ನೊಂದು ಜೋರು ಮಳೆ ಬರಲಿ, ಗೋಪಾಲಸ್ವಾಮಿ ಹೊಂಡದಿಂದ ಸಂತೆ ಹೊಂಡದವರೆಗೆ ನೀರಿನ ಜೊತೆಗೇ ಇಳಿದು ಆ ದಾರಿ ಪೂರ್ತಿ ತೆಗೆಯಬೇಕು.