ಚಾವಣಿ ಬದಲಾಗುತ್ತಿದೆ

ಇವತ್ತು ಸಂಜೆ ಸಿ-ಟ್ರೇನ್ ಕಿಟಕಿಯಿಂದ ಕೆನಡಾದ ಕ್ಯಾಲ್ಗರಿಯ ಹೊಸ ಐಸ್ ಹಾಕಿ ಅಂಗಣದ ಕ್ರೇನ್‌ಗಳು ಕಂಡವು. ಹೆಸರು ಸ್ಕೋಷಿಯಾ ಪ್ಲೇಸ್. 2024ರ ಜುಲೈನಲ್ಲಿ ಗುದ್ದಲಿ ಪೂಜೆ ಆಯಿತು, ತೆಂಗಿನಕಾಯಿ ಒಡೆಯಲಿಲ್ಲ ಅಷ್ಟೇ. 2027ಕ್ಕೆ ಬಾಗಿಲು ತೆರೆಯುವ ಲೆಕ್ಕ.

ಹತ್ತಿರದಲ್ಲೇ ಹಳೆಯ ಅಂಗಣ, ಸ್ಯಾಡಲ್‌ಡೋಮ್. 1983ರಿಂದ ಊರಿನ ಹಾಕಿ ತಂಡ ಫ್ಲೇಮ್ಸ್‌ನ ಮನೆ. 1988ರ ಚಳಿಗಾಲದ ಒಲಿಂಪಿಕ್ಸ್‌ನ ಹಾಕಿ ಆಟಗಳೂ ಅಲ್ಲಿ ನಡೆದಿದ್ದವು. ಕುದುರೆಯ ಜೀನಿನ ಹಾಗೆ ಬಾಗಿದ ಆ ಚಾವಣಿ ಒಮ್ಮೆ ನೋಡಿದರೆ ಮರೆಯುವುದಿಲ್ಲ. ತೊಂದರೆಯೂ ಅದರದ್ದೇ. ದೊಡ್ಡ ಸಂಗೀತ ಕಾರ್ಯಕ್ರಮಗಳ ದೀಪ, ಸ್ಪೀಕರ್‌ಗಳ ಭಾರವನ್ನು ಅದಕ್ಕೆ ನೇತುಹಾಕುವುದು ಕಷ್ಟ. 2013ರ ಪ್ರವಾಹದಲ್ಲಂತೂ ಕೆಳಗಿನ ಸಾಲುಗಳೇ ಮುಳುಗಿದ್ದವು. ಆದರೂ ಅದನ್ನು ಕೆಡವುತ್ತಾರೆ ಅಂದರೆ ಹೊಟ್ಟೆಯಲ್ಲಿ ಏನೋ ಒಂಥರಾ.

ಹೊಸದರಲ್ಲಿ ನನಗೆ ಜಾಸ್ತಿ ಏನೂ ಬೇಡ. ಮೇಲಿನ ಸಾಲಿನಿಂದಲೂ ಪಕ್, ಅಂದರೆ ಚೆಂಡಿನ ಬದಲಿನ ಆ ಚಪ್ಪಟೆ ಬಿಲ್ಲೆ, ಕಾಣಬೇಕು. ಆಸನಗಳು ಕಡಿದಾಗಿ, ಮಂಜುಗಡ್ಡೆಗೆ ಹತ್ತಿರ ಇರಲಿ. ಆಗಲ್ವಾ ಕೂಗಾಟ ಎದೆಗೆ ಬಡಿಯುವುದು? ವಿರಾಮ 18 ನಿಮಿಷ. ಅಷ್ಟರಲ್ಲಿ ಕಾಫಿ, ಶೌಚಾಲಯ ಎರಡೂ ಮುಗಿಯಬೇಕು. ಐಷಾರಾಮಿ ಬಾಕ್ಸ್‌ಗಳು ಎಷ್ಟಾದರೂ ಇರಲಿ ಬಿಡಿ, ನಾವು ಅಲ್ಲಿ ಕೂರುವವರಲ್ಲ.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ತೋರಿಸಿದೆ. "ಹಾಕಿಗೆ ಚಾವಣಿ ಯಾಕೋ?" ಅಂದರು. ಅವರು ನೋಡಿದ ಹಾಕಿ ಕೊಡಗಿನ ಮೈದಾನದ್ದು. ಹೊರಗೆ ಮೈನಸ್ 20 ಅಮ್ಮಾ, ಅಂದೆ.

"ಮತ್ತೆ ನಿನ್ನ ಟೋಪಿ ಎಲ್ಲಿ?"