ಆಗುಂಬೆ ಮಳೆಗೆ ಮೇಣದ ಬ್ಯಾಗು ಒಯ್ಯುವವರಿಗೆ

ಜುಲೈನಲ್ಲಿ ಆಗುಂಬೆಗೆ ಹೊರಟಿದ್ದೀರಾ? ಜಲಪಾತದ ಪಟ್ಟಿ ಆಮೇಲೆ ಮಾಡಿ. ಮೊದಲು ಬ್ಯಾಗಿನ ತಳದ ಹೊಲಿಗೆ ನೋಡಿ.

ನನ್ನದು ಮೇಣ ಹಚ್ಚಿದ ಕ್ಯಾನ್ವಾಸ್ ಬ್ಯಾಗು. "ಎಂಥಾ ಮಳೆ ಬಂದ್ರೂ ಒಂದು ಹನಿ ಒಳಗೆ ಹೋಗಲ್ಲ ಸಾರ್" ಎಂದಿದ್ದ ಅಂಗಡಿಯವನು. ಬೆಂಗಳೂರಿನ ಮಳೆಯಲ್ಲಿ ಅದು ನಿಜವೂ ಆಗಿತ್ತು. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ.

ತೀರ್ಥಹಳ್ಳಿಯಲ್ಲಿ ಹತ್ತಿದ ಬಸ್ಸಿನ ಕಿಟಕಿ ಗಾಜು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಎಳೆದೆ, ಗುದ್ದಿದೆ. ಕಂಡಕ್ಟರ್ ಹಳೇ ಪೇಪರ್ ಕೊಟ್ಟು "ತುರುಕಿ" ಎಂದರು. ನೆಲದ ಮೇಲಿನ ನೀರು ಪ್ರತಿ ತಿರುವಿಗೂ ಆಚೆಗೊಮ್ಮೆ ಈಚೆಗೊಮ್ಮೆ ಹರಿಯುತ್ತಿತ್ತು. ನಡುವೆ ನನ್ನ ಬ್ಯಾಗು. ಇಳಿದು ನೋಡಿದರೆ ಮೇಲೆ ಬಿದ್ದ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋಗುತ್ತಿವೆ. ತಳದಿಂದ ಮಾತ್ರ ನೀರು ನುಗ್ಗಿ ಎರಡು ಜೊತೆ ಬಟ್ಟೆ ತೊಪ್ಪೆ. ಮೇಣ ಮೊದಲು ಸವೆಯುವುದೇ ತಳ, ಮೂಲೆ, ಮಡಿಕೆಗಳಲ್ಲಿ.

ಮೊದಲ ರಾತ್ರಿಯ ರೂಮಿಗೆ 2,200 ರೂಪಾಯಿ. ಗೋಡೆ ತುಂಬಾ ಬೂಸ್ಟು, ಹೊದಿಕೆಯೂ ಹಸಿ. ಮರುದಿನವೇ ಒಂದು ಹೋಂಸ್ಟೇಗೆ ಹೋದೆ. ಅಲ್ಲಿ ನಾನೇ ಎಡವಟ್ಟು ಮಾಡಿಕೊಂಡೆ. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಎಲ್ಲರ ಬಟ್ಟೆ ಒಣಗುತ್ತಿತ್ತು, ನಾನೂ ಬ್ಯಾಗು ನೇತು ಹಾಕಿದೆ. ಬೆಳಿಗ್ಗೆ ಒಂದು ಕಡೆಯ ಮೇಣ ಕರಗಿ ಕೆಳಗಿನ ಸೌದೆ ಮೇಲೆ ತೊಟ್ಟಿಕ್ಕಿತ್ತು. "ಕಂಬಳಿಯಾದ್ರೆ ಅಲ್ಲೇ ಒಣಗ್ತಿತ್ತು ಮಾರಾಯ್ರೆ, ಇದೆಂಥದ್ದು ತಂದ್ರಿ!" ಎಂದರು ಮನೆಯ ಅಮ್ಮ.

ಬ್ಯಾಗು ಉಳಿದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಪುಟ್ಟ ಹೋಟೆಲಿನಿಂದ. ನಾಲ್ಕೇ ಬೆಂಚು. ನೀರುದೋಸೆ ಎಷ್ಟು ತೆಳು ಅಂದರೆ ಕೆಳಗಿನ ಬಾಳೆಲೆಯ ಗೆರೆ ಕಾಣುತ್ತಿತ್ತು. ಜೊತೆಗೆ ಬಿಸಿ ಚಟ್ನಿ, ಮೆಣಸು ಜಾಸ್ತಿ ಹಾಕಿದ ಕಷಾಯ. 50 ರೂಪಾಯಿಯಲ್ಲಿ ಹೊಟ್ಟೆ ತುಂಬಿತು. ಮೂರು ದಿನ ಅಲ್ಲೇ ತಿಂದೆ, ಬೇರೆ ಕಡೆ ನೋಡಲೂ ಇಲ್ಲ. ಯಜಮಾನರು ಪಾರ್ಸೆಲ್ ಕಟ್ಟುವ ಪೇಪರ್ ಕೊಟ್ಟು ಬ್ಯಾಗಿನೊಳಗೆ ತುಂಬಿಸಿದರು. ಒದ್ದೆಯಾದಂತೆ ಬದಲಿಸುತ್ತಾ, ಗಾಳಿಯಾಡುವ ಜಗಲಿಯಲ್ಲಿ ಇಟ್ಟೆ. ಎರಡು ದಿನ ಹಿಡಿಯಿತು. ಅವಸರಪಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಸ್ಟು ಗ್ಯಾರಂಟಿ, ಆ ಕಲೆ ಹೋಗುವುದಿಲ್ಲ.

ಕೆಸರಾದರೆ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅಷ್ಟೇ. ಸೋಪು, ಬಿಸಿನೀರು, ವಾಷಿಂಗ್ ಮಷಿನ್ ಯಾವುದೂ ಬೇಡ, ಮೇಣ ಕಿತ್ತುಬರುತ್ತದೆ.

ಹೊರಡುವ ಒಂದು ವಾರ ಮೊದಲೇ ಹೊಸದಾಗಿ ಮೇಣ ಹಚ್ಚಿ. ನಾನೀಗ ಜೇನುಮೇಣ, ಪ್ಯಾರಾಫಿನ್ ಮೇಣ ಅರ್ಧಕ್ಕರ್ಧ ಹಾಕುತ್ತೇನೆ. ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಬೇಕು. ನೇರ ಉರಿಗೆ ಇಟ್ಟರೆ ಬೆಂಕಿ ಹತ್ತಬಹುದು. ಹಳೇ ಬನಿಯನ್ ಚೂರಿನಿಂದ ತೆಳ್ಳಗೆ ಉಜ್ಜಿ, ಹೊಲಿಗೆಗೆ ಟೂತ್‌ಬ್ರಷ್ ಬಳಸಿ. ಆಮೇಲೆ ಹೇರ್ ಡ್ರೈಯರ್ ಹಿಡಿದರೆ ಬಿಳಿ ಗೆರೆಗಳು ಮಾಯವಾಗಿ ಮೇಣ ಬಟ್ಟೆಯೊಳಗೆ ಇಳಿಯುತ್ತದೆ. ಒಂದು ರಾತ್ರಿ ನೇತು ಹಾಕಿ. ಇಷ್ಟಾದರೂ ಒಳಗಿನ ಬಟ್ಟೆಗೆ ಬೇರೆ ಕವರ್ ಇರಲಿ.

ವಾಪಸ್ ಬರುವಾಗ ಬ್ಯಾಗನ್ನು ತೊಡೆ ಮೇಲೇ ಇಟ್ಟುಕೊಂಡೆ. ಪ್ಯಾಂಟಿಗೆಲ್ಲ ಮೇಣ ಮೆತ್ತಿಕೊಂಡಿತು. ತಿಳಿ ಬಣ್ಣದ್ದು ಹಾಕಿಕೊಂಡು ಹೋಗಬೇಡಿ.