ಎಣಿಸದೆ ಬರೆದ 20

ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಇದು ಗೊತ್ತಿರುವ ವಿಷಯ. ಬಿಪಿಗೆ ಮಷಿನ್ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ, ಬೆರಳಿಗೆ ಕ್ಲಿಪ್ ಹಾಕಿದರೆ ನಾಡಿಯೂ ಸ್ಯಾಚುರೇಶನ್ನೂ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಒಟ್ಟಿಗೇ ಸಿಗುತ್ತವೆ. ಉಸಿರನ್ನು ಮಾತ್ರ ಎದೆ ಏರಿಳಿಯುವುದನ್ನು ನೋಡುತ್ತ ಪೂರ್ತಿ ಒಂದು ನಿಮಿಷ ನಿಂತು ಎಣಿಸಬೇಕು. ನಮ್ಮಲ್ಲಿ 28 ಹಾಸಿಗೆ, ರಾತ್ರಿಗೆ ಇಬ್ಬರೇ ಸಿಸ್ಟರ್. ನಾನು ವರ್ಷಗಟ್ಟಲೆ ಎಲ್ಲರಿಗೂ 20 ಎಂದೇ ಬರೆದೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. 20 ಬರೆದರೆ ಯಾರೂ ಕೇಳುವುದಿಲ್ಲ.

ಅದು ಲೆಂಟ್ ಕಾಲ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು. ಮಾಂಸ ಬಿಟ್ಟಿದ್ದೆ, ಚಹಾ ಬಿಟ್ಟಿದ್ದೆ. ಬೆಳಗಿನ 5 ಗಂಟೆಗೆ ಡ್ಯೂಟಿ ರೂಮಿನಲ್ಲಿ ಮೊಣಕಾಲೂರಿ, ಕರ್ತನೇ ನನ್ನನ್ನು ಪರಿಶುದ್ಧಳನ್ನಾಗಿ ಮಾಡು ಎಂದು ಕಣ್ಣೀರಿಟ್ಟು ಕೇಳುತ್ತಿದ್ದೆ. ಎದ್ದು ಬಂದು ಚಾರ್ಟಿನಲ್ಲಿ 20, 20, 20. ಆ ಪ್ರಾರ್ಥನೆಗೂ ಈ ಅಂಕಿಗೂ ಏನಾದರೂ ಸಂಬಂಧ ಇದೆ ಎಂದು ಹೊಳೆದಿರಲೇ ಇಲ್ಲ.

ಒಂದು ದಿನ 8 ಗಂಟೆಗೆ ಹಗಲು ಪಾಳಿಯ ಸಿಸ್ಟರ್ ಒಬ್ಬ ಅಜ್ಜಿಯ ಉಸಿರು ಎಣಿಸಿದರು. 32. ಎರಡು ತಾಸಿನ ಹಿಂದೆ ನನ್ನ ಕೈಬರಹದಲ್ಲಿ 20. ನ್ಯುಮೋನಿಯಾ. ತಕ್ಷಣ ಐಸಿಯುಗೆ ಸಾಗಿಸಿದರು. ರೋಗಿ ಕೈಮೀರುವ ಮೊದಲು ಬಹಳ ಸಲ ಉಸಿರೇ ಸುಳಿವು ಕೊಡುತ್ತದೆ ಎಂದು ನರ್ಸಿಂಗ್ ಓದುವಾಗಲೇ ಕಲಿತಿದ್ದೆ.

ಇನ್‌ಚಾರ್ಜ್ ಸಿಸ್ಟರ್ ಪಕ್ಕಕ್ಕೆ ಕರೆದು, "ಖರೇ ಹೇಳವಾ, ಎಣಿಸಿದ್ದಿಯೇನು?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ ಸಿಸ್ಟರ್, ಎಣಿಸೇನ್ರಿ" ಎಂದೆ.

ಮೊದಲ ಸುಳ್ಳು ಬರೆದದ್ದು ಕೈರೂಢಿಯಿಂದ. ಇದನ್ನು ಮಾತ್ರ ತಿಳಿದೂ ತಿಳಿದೂ ಹೇಳಿದೆ.

ಮನೆಗೆ ಬಂದರೆ ನಿದ್ದೆ ಹತ್ತಲಿಲ್ಲ. ಭಾನುವಾರ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳಬೇಕಿತ್ತು, ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯ. ದೇವರು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು ಎಂಬ ಎರಡನೆಯ ವಚನ ಚಿಕ್ಕಂದಿನಿಂದ ಬಾಯಿಪಾಠ. ಅದರ ಮುಂದಿನದನ್ನು ಅವತ್ತು ಒಂದೊಂದಾಗಿ ಓದಿದೆ. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ. ಕುರುಡನ ದಾರಿಯಲ್ಲಿ ಎಡವುವಂಥದ್ದೇನನ್ನೂ ಇಡಬೇಡ. ಕೊನೆಗೆ ತಕ್ಕಡಿ, ತೂಕದ ಕಲ್ಲು, ಅಳತೆ, ಎಲ್ಲವೂ ನ್ಯಾಯವಾಗಿರಲಿ. ಪರಿಶುದ್ಧರಾಗಿರಿ ಎಂದ ದೇವರು ಅದೇ ಅಧ್ಯಾಯದಲ್ಲಿ ಹೊಲಕ್ಕೂ ಅಂಗಡಿಗೂ ಹೋಗಿದ್ದಾನೆ. ನನ್ನ ತಕ್ಕಡಿ ಆ ಚಾರ್ಟು.

ರಾತ್ರಿ ಪಾಳಿಗೆ ಬೇಗ ಹೋಗಿ ಇನ್‌ಚಾರ್ಜ್ ಸಿಸ್ಟರ್ ಮುಂದೆ ನಿಂತೆ. ಎಣಿಸಿರಲಿಲ್ಲ, ಬೆಳಿಗ್ಗೆ ನಿಮಗೂ ಸುಳ್ಳು ಹೇಳಿದೆ ಎಂದೆ. ಅವರು ಬೈಯಲಿಲ್ಲ. ಚಾರ್ಟನ್ನು ಮುಟ್ಟಬೇಡ, ನಡೆದದ್ದನ್ನು ಬರೆದುಕೊಡು ಎಂದರು. ಕಳೆದುಹೋದ ಬೆಳಗಿನ ಉಸಿರನ್ನು ಸಂಜೆ ಕೂತು ಎಣಿಸಲಾಗುವುದಿಲ್ಲವಲ್ಲ. ಬರೆದುಕೊಟ್ಟೆ, ಮೆಮೊ ಬಂತು. ಅಜ್ಜಿ ಬದುಕಿ ಮನೆಗೆ ಹೋದರು. ಬದುಕದಿದ್ದರೆ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಈಗ ಹೀಗೆ ಮಾಡುತ್ತೇನೆ. ನಾಡಿ ನೋಡಿದ ಮೇಲೆ ಕೈ ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ನಿಂತು ಎದೆಯನ್ನು ಗಮನಿಸುತ್ತೇನೆ. ಉಸಿರು ಎಣಿಸುತ್ತಿದ್ದಾರೆ ಎಂದು ರೋಗಿಗೆ ಗೊತ್ತಾದರೆ ಅವರ ಉಸಿರೇ ಬದಲಾಗುತ್ತದೆ. 28 ಜನಕ್ಕೆ 28 ನಿಮಿಷ. ಅದಕ್ಕೆಂದು ರೌಂಡನ್ನು ಅರ್ಧ ಗಂಟೆ ಮುಂಚೆ ಶುರುಮಾಡುತ್ತೇನೆ. ಮೊಣಕಾಲೂರುವುದನ್ನು ಬಿಟ್ಟಿಲ್ಲ, ಆದರೆ ಆ ಒಂದೊಂದು ನಿಮಿಷದಲ್ಲೂ ರೋಗಿಯ ಹೆಸರು ಹಿಡಿದು ದೇವರ ಮುಂದೆ ನಿಲ್ಲುತ್ತೇನೆ.

ಇದರಲ್ಲೂ ಒಂದು ಕೆಡುಕು ಹುಟ್ಟಿತು. ಬೇರೆಯವರ ಚಾರ್ಟಿನಲ್ಲಿ ಸಾಲಾಗಿ 20 ಕಂಡಾಗ, ನಾನು ಇವರ ಹಾಗಲ್ಲ ಎಂದು ಮನಸ್ಸು ಹಿಗ್ಗುತ್ತಿತ್ತು. ಯೇಸು ಹೇಳಿದ ಕಥೆಯಲ್ಲಿ ದೇವಾಲಯದಲ್ಲಿ ನಿಂತು, ತೆರಿಗೆ ವಸೂಲಿ ಮಾಡುವ ಸುಂಕದವನನ್ನು ತೋರಿಸಿ ತನ್ನನ್ನು ಹೊಗಳಿಕೊಂಡ ಫರಿಸಾಯನ, ಅಂದರೆ ಕಟ್ಟುನಿಟ್ಟಿನ ಧರ್ಮಾಚಾರಿಯ, ಪ್ರಾರ್ಥನೆ ಅದು. ಸುಳ್ಳು ಬಿಡುವುದಕ್ಕಿಂತ ಇದನ್ನು ಬಿಡುವುದು ನನಗೆ ಕಷ್ಟವಾಗಿದೆ. ಹೊಸ ಹುಡುಗಿಯರಿಗೆ ಉಪದೇಶ ಮಾಡುವುದನ್ನು ನಿಲ್ಲಿಸಿ, ಅವರ ಪಾಲಿನ ನಾಲ್ಕು ಹಾಸಿಗೆಯ ಉಸಿರನ್ನು ನಾನೇ ಎಣಿಸಿಕೊಡುತ್ತೇನೆ.

ಎಣಿಸಲು ಆಗದ ರಾತ್ರಿಗಳೂ ಇವೆ. ಕಳೆದ ಮಂಗಳವಾರ ಎಮರ್ಜೆನ್ಸಿ ಬಂದು ಇಬ್ಬರದ್ದು ಉಳಿದುಹೋಯಿತು. ಚಾರ್ಟಿನ ಆ ಎರಡು ಮನೆಗಳನ್ನು ಖಾಲಿ ಬಿಟ್ಟು ಪಕ್ಕದಲ್ಲಿ "ನೋಡಿಲ್ಲ" ಎಂದು ಬರೆದು ಸಹಿ ಹಾಕಿದೆ. ಹ್ಯಾಂಡ್‌ಓವರ್ ಕೊಡುವಾಗ ಮೊದಲು ಅದನ್ನೇ ಹೇಳಿದೆ. ಬೆಳಗಿನ ಸಿಸ್ಟರ್ ಬ್ಯಾಗನ್ನೂ ಇಡದೆ ಆ ಹಾಸಿಗೆಗಳ ಕಡೆ ನಡೆದರು.